ಕೊಸರು

ಕಿಸುಮು ಸಂತೆ. ಒಣಮೀನಿನ ರಾಶಿಯ ಹಿಂದೆ
ಚಿಕ್ಕಮ್ಮ ಅಪೊಂಡಿ. ಎದುರಿಗೆ ನಾನು,
ಹದಿನೈದರವನು; ಮೊದಲ ಸಂಬಳ ಫೋನಿಗೆ ಬಂದ ದಿನವೇ
ಫೋನಿನಲ್ಲೇ ಕರಗಿಸಿದವನು.

ಬೈಯಲಿಲ್ಲ. ತಗಡಿನ ಡಬ್ಬಿ ಕೊಟ್ಟಳು: "ಅಳೆ."
ಗೋಪುರ ಏರಿಸಿ ಸುರಿದೆ ಗಿರಾಕಿಯ ಚೀಲಕ್ಕೆ.
ಮೇಲೊಂದು ಹಿಡಿ, ಕೊಸರು.
ನಕ್ಕರೆ ಇನ್ನೊಂದು ಹಿಡಿ.

ಮಧ್ಯಾಹ್ನಕ್ಕೆ ಗೋಣಿ ಬರಿದು.
ಸೊಂಟದ ಗಂಟು ಬಿಚ್ಚಿ ಎಣಿಸಿದಳು:
ದೋಣಿಯವನ ಬಾಕಿಗೇ ಇನ್ನೂರು ಶಿಲಿಂಗ್ ಕಡಿಮೆ.

"ಎಲ್ಲಿ ಆ ಇನ್ನೂರು?"
ಗಿರಾಕಿಗಳು ಹೋದ ದಾರಿ ನೋಡಿದೆ.

"ಹೀಗೇ ಹೋಗುತ್ತೆ ಒವಿತಿ, ಹಿಡಿಹಿಡಿಯಾಗಿ.
ಮೀನಾದರೆ ಕೈಯಲ್ಲಿ ವಾಸನೆಯಾದರೂ ಉಳಿಯುತ್ತೆ."

ರಾತ್ರಿ ಫೋನು ಮಿನುಗಿತು: ಸಾಲ ಬೇಕೇ,
ಒಂದೇ ಒತ್ತು ಸಾಕು.

ಒತ್ತುವ ಮೊದಲು
ಬೆರಳು ಮೂಸಿಕೊಂಡೆ.