ಹನ್ನೆರಡು ವೋಲ್ಟಿನ ಚಟ್ನಿ

ಹಳೇ ಲುಂಗಿಯಲ್ಲಿ ಸುತ್ತಿ,
ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ
ಮಿಕ್ಸಿ ಎತ್ತಿಕೊಂಡು ಬಂದರು ಲೀಲಾಕ್ಷಿ ತಿಂಗಳಾಯ.
ಸಂತೆಕಟ್ಟೆಯ ನನ್ನ ಅಂಗಡಿಯಲ್ಲಿ ಆಗ
ಬಸ್ಸಿನ ಡೈನಮೋ ಒಂದು
ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು.
"ಇದು ಓಮ್ನಿಯಲ್ಲಿ ತಿರುಗಬೇಕು ಮಾರಾಯ್ರೆ.
ಸಿಗರೇಟು ಹಚ್ಚುವ ತೂತಿಗೆ ಎಂತದೋ ಡಬ್ಬಿ ಸಿಕ್ಕಿಸಿ ನೋಡಿದೆ,
ಟಪ್ ಅಂತು. ಈಗ ರೇಡಿಯೋವೂ ಇಲ್ಲ."

ಫ್ಯೂಸು ಕಿತ್ತು ಬೆಳಕಿಗೆ ಹಿಡಿದೆ.
ಒಳಗಿನ ತಂತಿ
ಹುರಿದ ಸಿಗಡಿಯ ಮೀಸೆ.

ಬ್ಯಾಟರಿ ಬಂದ ರಟ್ಟಿನ ಮೇಲೆ ಲೆಕ್ಕ ಬರೆದೆ:
ಏಳುನೂರ ಐವತ್ತು ವಾಟು, ಹನ್ನೆರಡರಿಂದ ಭಾಗಿಸಿ,
ಅರವತ್ತೆರಡು ಆಂಪಿಯರು, ಮೇಲೆ ಚಿಲ್ಲರೆ.
ಆ ತೂತು ಕೊಡುವುದು ಹತ್ತು, ಗೋಗರೆದರೆ ಹದಿನೈದು.
ಸ್ವರ್ಣೆಯ ನೆರೆಯನ್ನು ನೀವು
ಕೊಡಪಾನದ ಬಾಯಲ್ಲಿ ಹಾಯಿಸಲು ಹೋದಿರಿ, ಅಂದೆ.

ಅವರು ರಟ್ಟು ನೋಡಲಿಲ್ಲ, ನನ್ನನ್ನು ನೋಡಿದರು.
"ಸೆವ್ರಿನಣ್ಣ, ಒಣಸಿಗಡಿ ಚಟ್ನಿ
ಮನೆಯಲ್ಲಿ ಅರೆದು ತಂದರೆ ಮೂರಕ್ಕೆ ಗರಿಗರಿ,
ಐದಕ್ಕೆ ಒದ್ದೆ ಮರಳು.
ದಕ್ಕೆಯಲ್ಲಿ ಬೋಟು ಇಳಿಯುವವರು
ಹತ್ತು ದಿನ ಐಸಿನ ವಾಸನೆ ಕುಡಿದವರು.
ಅವರ ಮೂಗಿಗೆ ಸುಳ್ಳು ಹೇಳಲಿಕ್ಕೆ ಆಗುದಿಲ್ಲ."

ಸರಿ.
ಹಿಂದಿನ ಸೀಟು ಕಿತ್ತ ಜಾಗದಲ್ಲಿ ಇನ್ವರ್ಟರು ಕೂರಿಸಿದೆ,
ಬ್ಯಾಟರಿಯಿಂದಲೇ ನೇರ, ಹೆಬ್ಬೆರಳಿನ ದಪ್ಪದ ಕೇಬಲ್ಲು,
ಒಂದು ಗೇಣಿನೊಳಗೇ ಫ್ಯೂಸು,
ಬೆಂಕಿ ಬಂದರೆ ಜಗಲಿಯಲ್ಲೇ ನಿಲ್ಲಲಿ ಅಂತ.
ಎರಡು ಸಲ ಹೇಳಿದೆ:
ಇಂಜಿನು ಚಾಲೂ ಇಟ್ಟೇ ಅರೆಯಿರಿ. ಅರ್ಧ ನಿಮಿಷ, ಮತ್ತೆ ಬಿಡಿ.
ಡೈನಮೋ ಅರ್ಧ ಕೊಡುತ್ತದೆ,
ಉಳಿದರ್ಧ ಬ್ಯಾಟರಿಯ ಕೈಗಡ.
ತೀರಿಸದೆ ಮತ್ತೆ ಕೇಳಬೇಡಿ.

ತಿಂಗಳ ನಂತರ ಸ್ಟೀಲಿನ ಡಬ್ಬಿಯಲ್ಲಿ ಚಟ್ನಿಯೂ ಸುದ್ದಿಯೂ ಬಂದವು.
ಇಂಜಿನು ಗುರುಗುಟ್ಟಿದರೆ ಸಾಕು,
ಅಕ್ಕ ಹೊರಟಳು ಅಂತ ಬಲೆ ಬಿಟ್ಟು ಓಡಿ ಬರುತ್ತಾರಂತೆ,
ಕೈಯಲ್ಲಿ ಬಟ್ಟಲು, ಮೈಯಲ್ಲಿ ಬೂತಾಯಿಯ ಬೆಳ್ಳಿ.
"ಈಗ ಅರೆಯಲಿಕ್ಕೆ ಎಂತ ಇಲ್ಲದಿದ್ದರೂ
ಒಮ್ಮೆ ಕೀ ತಿರುಗಿಸುತ್ತೇನೆ."

ಆಮೇಲೆ ಪೆಟ್ರೋಲು ಏರಿತು.
ಒಂದು ಮುಂಜಾವ ನಾಲ್ಕಕ್ಕೆ ಫೋನು. ನಾನೇ ಊಹಿಸಿದೆ:
ಇಂಜಿನು ನಿಲ್ಲಿಸಿ ಅರೆದಿದ್ದಾರೆ, ಕೈಗಡದ ಮೇಲೆ ಕೈಗಡ.
ಸ್ಕೂಟರಿನ ಕಾಲಿನೆಡೆಯಲ್ಲಿ ತುಂಬಿದ ಬ್ಯಾಟರಿ ಇಟ್ಟುಕೊಂಡು
ಮಲ್ಪೆಗೆ ಹೋದರೆ
ಹದಿನೆಂಟು ಇಪ್ಪತ್ತು ಜನ ವ್ಯಾನಿನ ಬೆನ್ನಿಗೆ ಕೈ ಕೊಟ್ಟಿದ್ದಾರೆ,
ರಂಪಣಿ ಎಳೆಯುವ ಉಸಿರು ಹಿಡಿದು.
ಒಳಗೆ ಗಂಜಿಯ ಪಾತ್ರೆ ತುಳುಕುತ್ತಿದೆ,
ಸ್ಟೇರಿಂಗಿನಲ್ಲಿ ಅವರು, ಎರಡನೇ ಗೇರು,
ಮುಚ್ಚಳದ ಮೇಲೆ ಒಂದು ಕಾಲು ಚಾಚಿ ಒತ್ತಿ ಹಿಡಿದ ಒಬ್ಬ ಹುಡುಗ.

ಒಂದು ಸಲ ಕೆಮ್ಮಿತು. ಎರಡನೇ ಸಲ ಅದೂ ಇಲ್ಲ.
ಐಸು ಪ್ಲಾಂಟಿನ ಇಳಿಜಾರಿನಲ್ಲಿ, ನಾಲ್ಕನೆಯದಕ್ಕೆ,
ಹಿಡಿದುಕೊಂಡಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
"ಹಾಕಿ ಅಕ್ಕ, ಮಿಕ್ಸಿ ಹಾಕಿ," ಅಂತ ಹಿಂದಿನಿಂದ ಒಬ್ಬ.

ಹದಿನಾಲ್ಕು ಕಿಲೋ ಸೀಸ ತಬ್ಬಿಕೊಂಡು ನಿಂತ ನನಗೂ
ಒಂದು ಬಟ್ಟಲು ಬಂತು.
ಖಾರ. ಹಲ್ಲಿನ ಸಂದಿಯಲ್ಲೊಂದು ಮೀಸೆ.
ಬಾಗಿಲ ಒಳಮೈಗೆ ನನ್ನದೇ ರಟ್ಟು ಅಂಟಿಸಿದ್ದರು,
ಅರವತ್ತೆರಡರ ಕೆಳಗೆ ಬೇರೆ ಕೈಬರಹ:
ಶೀನ ಕುಂದರ್ ಎರಡು ಬಟ್ಟಲು,
'ಮತ್ಸ್ಯದೀಪ'ದ ತಾಂಡೇಲ ಹನ್ನೊಂದು,
ಅಡುಗೆ ಹುಡುಗ, ಬೇಡ.

ಪೆನ್ಸಿಲು ಕಿವಿಯಿಂದ ತೆಗೆದು
ಕೊನೆಯಲ್ಲಿ ಬರೆದರು:
ಸೆವ್ರಿನಣ್ಣ, ಒಂದು.