ಮುಗ್ಗಿದ ಗೋಂಜಾಳ

ಬೈಲಹೊಂಗಲದ ಫೀಡ್ ಮಿಲ್ಲಿನ್ಯಾಗ ನನ್ನ ಕೆಲಸ
ಬ್ಯಾಡ ಅನ್ನೂದು.
ಒಡೆದ ಕಾಳು ಕರಿ ಡಬ್ಬ್ಯಾಗ ಹಾಕಿ ನೀಲಿ ದೀಪ ಹಚ್ಚತೀನಿ.
ಹಸರ-ಹಳದಿ ಮಿಣುಕು ಕಂಡರ
ಚೀಟಿ ಮ್ಯಾಲ ಕೆಂಪ ಗೀಟು. ಲಾರಿ ತಿರುಗತೈತಿ.
ಡ್ರೈವರ್ ಬೈತಾನ. ನಾ ಚಹಾ ಕುಡೀತೀನಿ.

ಹಂಗ ತಿರುಗಿಸಿದ್ದ ಹನ್ನೊಂದು ಚೀಲ
ಫರೀದಾ ಮುಲ್ಲಾ ತಗೊಂಡಳು, ಅರ್ಧ ರೊಕ್ಕಕ್ಕ.
"ನನ್ನ ಹುಳಕ್ಕ," ಅಂದಳು.
ಮುರಗೋಡ ರಸ್ತೆಗೆ ಆಕಿ ಶೆಡ್ಡು,
ಒಳಗ ತಗಡಿನ ಮ್ಯಾಲ ಜಿಟಿಜಿಟಿ ಮಳಿ ಬಿದ್ದಂಗ ಸಪ್ಪಳ:
ಬಾನಿ ತುಂಬ ಸೈನಿಕ ನೊಣದ ಹುಳ, ತಿಂತಾವ.
ತಿನ್ನೋದ ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲ ಅವಕ್ಕ.

ಹತ್ತು ದಿನಕ್ಕ ಒಂದು ಬೊಗಸಿ ತಂದಳು.
ತೊಳದು, ಒಣಗಿಸಿ, ಅರದು
ದೀಪಕ್ಕ ಹಿಡದೆ. ಮಿಣುಕಿಲ್ಲ.
ನಂಬಲಿಲ್ಲ, ಬೆಳಗಾವಿಗೆ ಕಳಿಸಿದೆ.
ಬಂದ ಕಾಗದದಾಗ ಹುಳದ ಮುಂದ ಸೊನ್ನಿ,
ಹಿಕ್ಕಿ ಮುಂದ, ಹಾಕಿದ್ದರಾಗ ಮೂರನೇ ಪಾಲು.
ಉಳಿದದ್ದು?

"ಯಾರಿಗೆ ಗೊತ್ತ," ಅಂದಳು ಫರೀದಾ, ಬಾನಿ ತಿಕ್ಕತಾ,
"ಒಳಗ ಏನೋ ಮುರೀತಾವ. ಮುರದದ್ದು ವಿಷ ಅಲ್ಲಂತ.
ಇಲ್ಲಾ, ಅದಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲ."

ಗಂಟಲದಾಗ ತಡದವಗ ಗುಡಿ ಕಟ್ಟಿದಿವಿ,
ಹೊಟ್ಟ್ಯಾಗ ಮುರದವಕ್ಕ ಪ್ಲಾಸ್ಟಿಕ್ ಬಾನಿ.

ಹಿಕ್ಕಿ ಚೀಲ ಮಾತ್ರ ಇನ್ನೂ ಶೆಡ್ಡಿನ ಮೂಲ್ಯಾಗ ಐತಿ.
ಕೋಳಿಗೂ ಬ್ಯಾಡ, ಸದ್ಯಕ್ಕ ಹೊಲಕ್ಕೂ ಬ್ಯಾಡ ಅಂತ
ಆಕಿನ ಅದರ ಮ್ಯಾಲ ಕೆಂಪ ಗೀಟು ಎಳದಾಳ.
ಪೆನ್ನು ನಂದು.
ವಾಪಸ್ ಕೊಟ್ಟಿಲ್ಲ.