ಎರಡನೇ ಗೇರು

ಮೊದಲು ಅದನ್ನೇ ಹೇಳಿದೆ ಆ ಹುಡುಗನಿಗೆ:
ಪೆಟ್ಟಿಗೆಯ ಎಣ್ಣೆ ಬಿಸಿಯಾಗುವ ತನಕ
ಎರಡನೇ ಗೇರಿನ ತಂಟೆಗೆ ಹೋಗಬೇಡ,
ಒಂದರಿಂದ ಸೀದಾ ಮೂರಕ್ಕೆ.
ಬಲವಂತ ಮಾಡಿದೆಯೋ, ಹಲ್ಲು ಕಡಿಯುತ್ತದೆ,
ಆಮೇಲೆ ದಿನವಿಡೀ ಮುನಿಸು.

ಔಲುವಿನಿಂದ ರೈಲು ಹತ್ತಿ ಬಂದಿದ್ದ, ಹೆಸರು ಒಟ್ಸೊ.
ಚೀಲದಲ್ಲಿ ಟಾರ್ಚು, ನೆಲಕ್ಕೆ ಹಾಸಲು ಹಳೇ ಚಾಪೆ.
ಕುದುರೆಯ ಬಾಯಿ ಬಿಡಿಸಿ ವಯಸ್ಸೆಣಿಸುವವರ ಹಾಗೆ
ಅಡಿಗೆ ನುಸುಳಿ ತುಕ್ಕು ಹುಡುಕಿದ.
ಸಿಕ್ಕಿತು. ಬಾಗಿಲ ಕೆಳಗೆ, ಅಂಗೈಯಗಲ.
ಎಲ್ಲಿದೆಯೆಂದು ನನಗೆ ಗೊತ್ತೇ ಇತ್ತು.
ಅವನು ಬಾಯಿ ತೆರೆಯುವ ಮೊದಲೇ
ನಾನೂರು ಯೂರೋ ಇಳಿಸಿದೆ.

ಮೂವತ್ತೊಂದು ಬೇಸಿಗೆ.
ವರ್ಷವಲ್ಲ, ಬೇಸಿಗೆ ಅಂತಲೇ ಲೆಕ್ಕ:
ಸೈಮಾ ಸರೋವರದ ಈ ಸೀಮೆಯಲ್ಲಿ
ರಸ್ತೆಗೆ ಉಪ್ಪು ಸುರಿಯುವ ಹಿಂದಿನ ದಿನ
ಆಲ್ಫಾ ಕೊಟ್ಟಿಗೆ ಸೇರಬೇಕು,
ಮೇ ತಿಂಗಳ ಮಳೆ ಅಷ್ಟನ್ನೂ ತೊಳೆದ ಮೇಲೆಯೇ ಹೊರಗೆ.
ನಡುವೆ ನನಗೆ ಬಸ್ಸು, ಇಲ್ಲವೇ
ಕಾಲಲ್ಲಿ ಒದ್ದು ಓಡಿಸುವ ಜಾರುಬಂಡಿ.
ಉಪ್ಪು ಕಡಿಮೆ ಮಾಡಿ ಎಂದ ಡಾಕ್ಟರ ಮುಂದೆ
ಜೋರಾಗಿ ನಕ್ಕುಬಿಟ್ಟೆ:
ಹೌದಾ, ನನಗೂನಾ?

ನಾನು ಇಗರ್ಜಿಯಲ್ಲಿ ಆರ್ಗನ್ ನುಡಿಸುವವಳು,
ಕಾಲಿಗೂ ಸ್ವರಜ್ಞಾನ ಬೇಕಾದ ಕಸುಬು.
ಸಾವಿನ ಪ್ರಾರ್ಥನೆಗೆ ಕೆಂಪು ಕಾರೇ, ಆಉನೆ?
ಎಂದು ಪಾದ್ರಿ ಒಮ್ಮೆ ಮೆಲ್ಲಗೆ ಕೇಳಿದ ಮೇಲೆ
ಹಿತ್ತಲಲ್ಲಿ ನಿಲ್ಲಿಸತೊಡಗಿದೆ, ಲೈಲಾಕ್ ಪೊದೆಯ ಮರೆಗೆ.
ಹಿಲ್ಯಾ ಮಾತ್ರ,
ಗಂಡನನ್ನು ಮಣ್ಣಿಗಿಟ್ಟ ಅದೇ ಮಧ್ಯಾಹ್ನ
ಪೊದೆ ಸರಿಸಿಕೊಂಡು ಬಂದಳು:
ಟಾಪು ಬಿಚ್ಚಿ ಒಂದು ಸುತ್ತು ಹಾಕಿಸುತ್ತೀಯಾ?
ಸೇತುವೆಯ ತನಕ ಹೋದೆವು. ಮಾತಿಲ್ಲ.
ಅವಳ ಕಪ್ಪು ಟೋಪಿ ಹಾರಿ ನೀರಿಗೆ ಬಿತ್ತು.
ಬ್ರೇಕಿನ ಮೇಲೆ ಕಾಲಿಟ್ಟೆ.
ಹೋಗಲಿ ಬಿಡು, ಅಂದಳು.

ಈ ಜೂನಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ,
ಇಳಿಯಲಾಗದೆ ಕೂತೇಬಿಟ್ಟೆ.
ನೆಲಕ್ಕಂಟಿದ ಸೀಟು, ಹೊಸ ಲೋಹದ ಸೊಂಟ;
ಲೋಹಕ್ಕೂ ಲೋಹಕ್ಕೂ ಕೂಡಿಬರಲಿಲ್ಲ.
ಐಸ್‌ಕ್ರೀಂ ಕಡ್ಡಿ ಹಲ್ಲಲ್ಲಿ ಕಚ್ಚಿಕೊಂಡು
ಯಾರದೋ ಹುಡುಗಿ ಎರಡೂ ಕೈ ಕೊಟ್ಟು ಎತ್ತಿದಳು.
ಅಂಟಂಟು ಬೆರಳು.
ಆ ಅಂಟು ಮನೆಯ ತನಕ ಸ್ಟಿಯರಿಂಗಿನ ಮೇಲಿತ್ತು.

ಹಾಗಾಗಿ ಈಗ ಅಂಗಳದಲ್ಲಿ ಸುಬಾರು.
ಬೂದು ಬಣ್ಣ. ಕುರ್ಚಿಯಷ್ಟೇ ಎತ್ತರ.
ಈ ವಯಸ್ಸಿನಲ್ಲಿ ಪಕ್ಷಾಂತರವೇ? ಎಂದ ತೊರ್ಸ್ಟಿ,
ಆಲ್ಫಾ ಕ್ಲಬ್ಬಿನ ಖಜಾಂಚಿ, ಅರ್ಧ ತಮಾಷೆಗೆ.
ಇನ್ನರ್ಧ ತಮಾಷೆಯಲ್ಲ.
ಈ ವರ್ಷದ ಚಂದಾ ಹಿಂದಿರುಗಿಸಲೂ ಇಲ್ಲ.

ಒಟ್ಸೊ ಹೊರಟ. ನಾನು ಗೇಟಿನ ಬಳಿ
ಮೈಯೆಲ್ಲ ಕಿವಿಯಾಗಿ ನಿಂತೆ.
ಒಂದು.
ಒಂದು, ಇನ್ನೂ ಒಂದೇ.
ಆಮೇಲೆ ಎರಡಕ್ಕೆ ಹಾಕಿದ, ಆ ವಯಸ್ಸು ಹಾಕಲೇಬೇಕಲ್ಲ.
ಕಡಿಯಿತು.
ಬರ್ಚ್ ಸಾಲಿನ ಕೊನೆಯ ಮರಕ್ಕೂ ಕೇಳಿಸಿರಬೇಕು.
ಮತ್ತೆ ಸ್ವಲ್ಪ ಹೊತ್ತು ಏನಿಲ್ಲ;
ಮೂರು, ತಿರುವಿನಾಚೆ, ಶ್ರುತಿ ಸೇರಿ.
ಕೈಯಲ್ಲಿ ಕೊಟ್ಟಿಗೆಯ ಬೀಗದ ಕೈ ಇತ್ತು.
ಯಾವುದಕ್ಕೆ ಹಾಕಲಿ?

ಈಗ ನವೆಂಬರ್. ಉಪ್ಪು ಬಿದ್ದಿದೆ.
ಬೆಳಗಿನ ಎಂಟಕ್ಕೂ ಕತ್ತಲು,
ಉಪ್ಪಿನ ಮೇಲೆಯೇ ಹೋಗುತ್ತೇನೆ, ಚಕ್ರದಡಿ ಚರಚರ.
ಸುಬಾರುವಿನ ಎರಡನೇ ಗೇರು ಇರಬೇಕಾದಲ್ಲೇ ಇದೆ,
ಕರೆದರೆ ಓ ಎನ್ನುತ್ತದೆ, ಬೆಣ್ಣೆಯ ಹಾಗೆ.
ಆದರೂ ಕೈ ಒಂದರಿಂದ ಮೂರಕ್ಕೇ ಹಾಯುತ್ತದೆ.
ಎಂಜಿನ್ ತಡವರಿಸಿ ನಡುಗುತ್ತದೆ:
ನಾನೇನು ತಪ್ಪು ಮಾಡಿದೆ?

ನೀನೇನೂ ಮಾಡಿಲ್ಲ ಮಾರಾಯ.
ಸ್ವಲ್ಪ ತಾಳು.
ನಾನಿನ್ನೂ ಬಿಸಿಯಾಗಬೇಕು.